ಲುಂಬಿನಿಯಲ್ಲಿ ಭಾನುವಾರದ ಶಾಲೆ

ಕಣಗಲಾ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ಅದನ್ನು ಪರದೇಶವೆಂದು ಒಪ್ಪುವುದಿಲ್ಲ. ಪಾಸ್‌ಪೋರ್ಟಿಗೆ ಠಸ್ಸೆ ಬೀಳಲಿಲ್ಲ, ವಿಮಾನ ಹತ್ತಲಿಲ್ಲ, ಒಂದು ಚಾಕಲೇಟ್ ಡಬ್ಬಿಯನ್ನೂ ತರಲಿಲ್ಲ, ಅದೆಂಥ ಪರದೇಶ ಎನ್ನುತ್ತಾರೆ ಡ್ರಾಯಿಂಗ್ ಮಾಸ್ತರರು. ಅವರಿಗೆ ನಾನು ಹೇಳುವುದು ಇಷ್ಟೆ: ನಮ್ಮ ಮಕ್ಕಳಿಗೆ ರಜೆ ಇದ್ದಾಗ ಎಲ್ಲಿಯ ಮಕ್ಕಳು ಟೈ ಕಟ್ಟಿಕೊಂಡು ಶಾಲೆಗೆ ಹೋಗುತ್ತಾರೋ, ಅದೂ ಭಾನುವಾರ, ಅದು ಪರದೇಶವೇ.

ನಮ್ಮೂರು ಕಣಗಲಾ. ನಾನು ಹುಕ್ಕೇರಿ ತಾಲ್ಲೂಕಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಭಾನುವಾರಗಳಲ್ಲಿ ಮೂಡಲಗಿಗೆ ಹೋಗಿ, ಅಲ್ಲಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಐದನೇ ತರಗತಿಯ ಮಕ್ಕಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತೇನೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಏಪ್ರಿಲ್ ಎರಡನೇ ವಾರ ಊರ ಶಾಲೆಗಳಿಗೆ ಬೀಗ ಬಿದ್ದಿತೆಂದರೆ ಗೋಕಾಕ, ಮೂಡಲಗಿಯ ಈ ಕ್ಲಾಸುಗಳ ಬಾಗಿಲುಗಳು ತೆರೆಯುತ್ತವೆ. ಹತ್ತು ವರ್ಷದ ಹುಡುಗ ಹುಡುಗಿಯರು ಟ್ರಂಕು, ಹಾಸಿಗೆ, ತಾಟು ಹಿಡಿದುಕೊಂಡು ಬಂದು ಇಳಿಯುತ್ತಾರೆ. ಬೆಳಗಿನ ಐದಕ್ಕೆ ಗಂಟೆ. ಆಮೇಲೆ ದಿನವಿಡೀ ಸರಿಯುತ್ತರ ಆರಿಸಿ ಉತ್ತರಪತ್ರಿಕೆಯ ಗೋಲಗಳನ್ನು ಪೆನ್ನಿನಿಂದ ತುಂಬುವ ಕೆಲಸ. ಬೇಸಿಗೆ ರಜೆಯಲ್ಲಿ ನಿಮ್ಮ ಕಡೆಯ ಮಕ್ಕಳು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಗೋಲ ತುಂಬುತ್ತಾರೆ ಎಂದು ಹೇಳಬಹುದು. ಸುಳ್ಳಾಗುವುದಿಲ್ಲ.

ನನ್ನ ಮಗಳು ಸಂಘಮಿತ್ರಾ. ಮನೆಯಲ್ಲಿ ಮಿತ್ರಾ. ಅವಳೂ ಈ ವರ್ಷ ಪರೀಕ್ಷೆ ಬರೆದಳು. ಆಯ್ಕೆಯಾದವರ ಪಟ್ಟಿಯನ್ನು ನಾನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಓದಿದೆ. ಹೆಸರಿರಲಿಲ್ಲ. ಸಾವಿರಾರು ಮಕ್ಕಳು ಬರೆದ ಪರೀಕ್ಷೆ, ಇರಲಿಲ್ಲವೆಂದರೆ ಇರಲಿಲ್ಲ. ಆದರೆ ಮಾಸ್ತರನ ಮಗಳ ಹೆಸರೇ ಇಲ್ಲವೆಂದರೆ ಜನ ಬೇರೆ ಮಾತಾಡುತ್ತಾರೆ. ಇನ್ನೊಮ್ಮೆ ಬರೆಯಲು ಅವಳ ವಯಸ್ಸು ನಡೆಯುತ್ತದೆ. ಆದ್ದರಿಂದ ಮತ್ತೊಂದು ವರ್ಷ ಐದನೇ ತರಗತಿಯಲ್ಲೇ ಕೂರಿಸಿ, ಮೇ ತಿಂಗಳ ಮೊದಲ ಸೋಮವಾರದಿಂದ ಮೂಡಲಗಿಯ ಕ್ಲಾಸಿನಲ್ಲಿ ಇಡುವುದೆಂದು ನಾನು ನಿಶ್ಚಯಿಸಿದೆ. ಮಿತ್ರಾಳಿಗೆ ಇದು ಗೊತ್ತಿರಲಿಲ್ಲ. ಅವಳು ಗೆಳತಿಯರ ಜೊತೆ ಆರನೇ ತರಗತಿಗೆ ಹೋಗುವ ಲೆಕ್ಕದಲ್ಲಿದ್ದಳು.

"ನೀವ ಠರಾಯಿಸೀರಿ, ನೀವ ಹೇಳ್ರಿ. ನಾ ಮಾತ್ರ ಹೇಳಾಂಗಿಲ್ಲ" ಎಂದಳು ನನ್ನ ಹೆಂಡತಿ. ಅವಳು ಹುಕ್ಕೇರಿಯಲ್ಲಿ ನರ್ಸು. ಕಹಿ ಔಷಧ ಯಾರು ಕುಡಿಸಬೇಕೆಂದು ಅವಳಿಗೆ ಗೊತ್ತು.

ಪ್ರವಾಸ ನಿಜವಾಗಿ ನನ್ನ ಅವ್ವನಿಗಾಗಿ. ನಮ್ಮದು ನನ್ನ ತಂದೆಯ ಕಾಲದಿಂದ ಬೌದ್ಧ ಮನೆ. ಬುದ್ಧ ಹುಟ್ಟಿದ ಜಾಗ ನೋಡಬೇಕೆಂದು ಅವ್ವ ಹತ್ತು ವರ್ಷಗಳಿಂದ ಹೇಳುತ್ತಿದ್ದಳು. "ಮಣಕಾಲ ನಡಿಯೂದ್ರೊಳಗ ಒಮ್ಮಿ ತೋರಿಸಿಬಿಡೊ" ಎಂದು ಈ ಸಲ ಹಟ ಹಿಡಿದಳು. ಹೆಂಡತಿಗೆ ರಜೆ ಸಿಗಲಿಲ್ಲ. ಹೀಗೆ ನಾನು, ಅವ್ವ, ಮಿತ್ರಾ ಮೂವರು ಹೊರಟೆವು. ಹೇಳಬೇಕಾದ ಮಾತನ್ನು ದಾರಿಯಲ್ಲಿ ಎಲ್ಲಾದರೂ ಹೇಳಿದರಾಯಿತು ಎಂದುಕೊಂಡೆ.

ಮಿತ್ರಾಳ ರಜೆ ಎಂದರೆ ಇಲ್ಲಿಯವರೆಗೆ ಧುಪದಾಳದ ಸೋದರಮಾವನ ಮನೆ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಕಾಲುವೆಗೆ ಬಿದ್ದರೆ ಊಟದ ಹೊತ್ತಿಗೂ ಮೇಲೆ ಬರುವವಳಲ್ಲ. ಹದಿನೈದು ದಿನಕ್ಕೆ ಗುರುತು ಸಿಗದಷ್ಟು ಕಪ್ಪಾಗಿ ಬರುತ್ತಿದ್ದಳು. ಚೀಲ ತುಂಬುವಾಗಲೇ ಕೇಳಿದಳು.

"ಅಪ್ಪಾ, ಧುಪದಾಳಕ್ಕ ಯಾವಾಗ?"

"ಬಂದ ಮ್ಯಾಲ ನೋಡೂಣು."

"ನೋಡೂಣು ಅಂದ್ರ ಇಲ್ಲ ಅಂತ" ಎಂದು ಅವಳು ಅಜ್ಜಿಗೆ ಅರ್ಥ ಬಿಡಿಸಿ ಹೇಳಿದಳು.

ಪುಣೆಯಿಂದ ಗೋರಖಪುರ

ಮಿರಜದವರೆಗೆ ಒಂದು ಗಾಡಿ, ಪುಣೆಯವರೆಗೆ ಇನ್ನೊಂದು, ಅಲ್ಲಿಂದ ಗೋರಖಪುರಕ್ಕೆ ಮೂರನೆಯದು. ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಮೂವರ ನಡುವೆ ನಾಲ್ಕನೆಯ ಪ್ರಯಾಣಿಕನಂತೆ ಕುಳಿತಿತ್ತು. ಎದುರಿನ ಸೀಟಿನಲ್ಲಿ ಊರಿಗೆ ಮರಳುತ್ತಿದ್ದ ಉತ್ತರಪ್ರದೇಶದ ಒಂದು ಕುಟುಂಬ. ಅವ್ವ ಅವರಿಗೆ ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ಕೊಟ್ಟಳು. ಯಜಮಾನ ಕಡಿದು ನೋಡಿ, ಇದನ್ನು ಹಲ್ಲಿದ್ದವರು ಮಾತ್ರ ತಿನ್ನುತ್ತಾರೋ ಎಂದು ಹಿಂದಿಯಲ್ಲಿ ಕೇಳಿದ. ನಾನು ಅನುವಾದಿಸಿದೆ. ಅವ್ವ ಬಾಯಿ ತೆರೆದು ತನಗೆ ಉಳಿದ ಹಲ್ಲುಗಳನ್ನು ತೋರಿಸಿದಳು. ಆ ಮೇಲೆ ಇಡೀ ದಾರಿ ಅವರಿಬ್ಬರ ನಡುವೆ ಭಾಷೆ ಬೇಕಾಗಲಿಲ್ಲ.

ನಾನು ಮಾತ್ರ ಮಾತು ಹುಡುಕುತ್ತಿದ್ದೆ. ಮನಮಾಡದಲ್ಲಿ ಬಾಯಿ ತೆಗೆದೆ, ಚಹಾದವನು ಬಂದ. ಭೂಸಾವಳದಲ್ಲಿ ಮತ್ತೆ ತೆಗೆದೆ, ಮಿತ್ರಾ ಬಾಳೆಹಣ್ಣು ಬೇಕೆಂದಳು. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ, ಹತ್ತು ವರ್ಷದ ಹುಡುಗಿಯ ಎದುರು ಬಾಳೆಹಣ್ಣು ಸುಲಿದುಕೊಟ್ಟು ಸುಮ್ಮನಾಯಿತು. ಪರೀಕ್ಷೆಯ ಅಭ್ಯಾಸ ಪುಸ್ತಕವೊಂದನ್ನು ನಾನು ಚೀಲದ ತಳದಲ್ಲಿ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದೆ. ಭೋಪಾಲ ದಾಟಿದ ಮೇಲೆ ಸೆಕೆ ತಡೆಯಲಾಗದೆ ಮಿತ್ರಾ ಅದನ್ನು ಎಳೆದು ತೆಗೆದಳು. ತೆರೆದು ನೋಡಲೂ ಇಲ್ಲ. ಗೋರಖಪುರದವರೆಗೆ ಅದರಿಂದ ಅಜ್ಜಿಗೆ ಗಾಳಿ ಹಾಕಿದಳು.

ಸೋನೌಲಿ

ಗಡಿಯ ಕಮಾನು ನಮ್ಮ ತಾಲ್ಲೂಕು ಪಂಚಾಯತಿಯ ಸ್ವಾಗತ ಕಮಾನಿಗಿಂತ ಸ್ವಲ್ಪ ದೊಡ್ಡದು. ಜನ ಸಂತೆಗೆ ಹೋಗುವಂತೆ ಅತ್ತಿಂದಿತ್ತ ಹೋಗುತ್ತಿದ್ದರು. ಅವ್ವ ಮತದಾರರ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂರು ದಿನಗಳಿಂದ ಎದೆಯಲ್ಲಿ ಕಾಪಾಡಿಕೊಂಡು ಬಂದಿದ್ದಳು. ಪೊಲೀಸ ನಮ್ಮತ್ತ ನೋಡಿ, ಹೋಗಿ ಎಂದು ಕೈ ಬೀಸಿದ. ಅವ್ವನಿಗೆ ಅವಮಾನವಾಯಿತು.

"ಇಷ್ಟ ದೂರ ಬಂದೇನಿ. ನೀ ಯಾರಬೇ ಅಂತ ಒಬ್ಬಾರ ಕೇಳಬಾರದ?" ಎಂದವಳೇ ಹಿಂದಿರುಗಿ ಹೋಗಿ ಚೀಟಿ ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದಳು. ಅವನು ಫೋಟೊ ನೋಡಿದ, ಅವಳ ಮುಖ ನೋಡಿದ, ಕೈ ಮುಗಿದ. ಆಮೇಲೆಯೇ ಅವ್ವ ದೇಶ ದಾಟಿದಳು.

ಗಡಿಯಾಚೆಯ ಭೈರಹವಾದಲ್ಲಿ ಲುಂಬಿನಿಯ ಬಸ್ಸು ನಮ್ಮ ಕಣ್ಣೆದುರಿಗೇ ಹೊರಟು ಹೋಯಿತು. ಹತ್ತು ನಿಮಿಷ ಮೊದಲೇ ಬಂದಿದ್ದೇವಲ್ಲ ಎಂದು ನಾನು ಜಗಳಕ್ಕೆ ನಿಂತೆ. ಚಹಾದಂಗಡಿಯವನು ಗೋಡೆಯ ಗಡಿಯಾರ ತೋರಿಸಿದ. ಅಲ್ಲಿ ಎಲ್ಲ ಹದಿನೈದು ನಿಮಿಷ ಮುಂದೆ. ಗಣಿತದ ಮಾಸ್ತರನಿಗೆ ಇದು ಮೊದಲೇ ಗೊತ್ತಿರಬೇಕಿತ್ತು. ಗೋಡೆಯ ಮೇಲೆ ಕ್ಯಾಲೆಂಡರೂ ಇತ್ತು. ಅವರ ವರ್ಷ ನಮಗಿಂತ ಐವತ್ತೇಳು ಮುಂದೆ. ಮಿತ್ರಾ ಬೆರಳೆಣಿಸಿದಳು.

"ಹಂಗಾರ ಇಲ್ಲಿ ನನಗ ಅರವತ್ತೇಳು. ಆಯಿ, ನಾ ನಿನಗಿಂತ ಎರಡ ವರ್ಷ ದೊಡ್ಡಾಕಿ. ನನ್ನ ಕಾಲ ಬೀಳ."

"ಬೀಳ್ತೇನಿ ತಡಿಯವಾ, ಮೊದಲ ಬಸ್ಸ ಸಿಗಲಿ" ಎಂದಳು ಅವ್ವ.

ಲುಂಬಿನಿ

ಮಾಯಾದೇವಿ ಮಂದಿರ ಬಿಳಿಯ ಸಾದಾ ಕಟ್ಟಡ. ಒಳಗೆ ಹಳೆಯ ಇಟ್ಟಿಗೆಯ ತಳಪಾಯಗಳು. ಅವುಗಳ ಮೇಲೆ ಹಲಗೆಯ ದಾರಿಯಲ್ಲಿ ನಡೆದು ಹೋದರೆ ಗಾಜಿನ ಕೆಳಗೆ ಒಂದು ಕಲ್ಲು. ಹುಟ್ಟಿದ ಜಾಗ ಅದೇ ಎನ್ನುತ್ತಾರೆ. ಥೈಲ್ಯಾಂಡಿನವರು, ಶ್ರೀಲಂಕಾದವರು ಸಾಲಿನಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದರು. ಅವ್ವ ಕಲ್ಲಿನ ಮುಂದೆ ನಿಂತವಳು ಹಿಂದಿನವರಿಗೆ ದಾರಿ ಬಿಡಲಿಲ್ಲ. ಕಾವಲುಗಾರ ಬಂದು ಮೆಲ್ಲಗೆ ಸರಿಸಬೇಕಾಯಿತು.

ಹೊರಗೆ ಕೊಳದ ಪಕ್ಕದ ಮರದಡಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಲೋ ಐತಿ. ಬಾಳ ಗದ್ಲಾ ಮಾಡಿಲ್ಲ" ಎಂದಳು. ನನ್ನ ವಿಷಯ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಕೊಳದಲ್ಲಿ ಮಂದಿರ ತಲೆಕೆಳಗಾಗಿ ಕಾಣುತ್ತಿತ್ತು. ಅದನ್ನು ನೋಡಿ ನನಗೆ ನೆನಪಾದದ್ದು ಪ್ರವೇಶ ಪರೀಕ್ಷೆಯ ಕನ್ನಡಿ ಬಿಂಬದ ಪ್ರಶ್ನೆ. ಪುಣ್ಯಕ್ಷೇತ್ರಕ್ಕೆ ಹೋದರೂ ಎತ್ತಿನ ಕಣ್ಣು ಗಾಣದ ಮೇಲೆ.

ಅಂದೇ ಸಂಜೆ ಅವ್ವ ತಲೆ ಸುತ್ತಿ ಬಿದ್ದಳು. ಕಾರಣ ಹುಡುಕಲು ಡಾಕ್ಟರಿಗೆ ಹೊತ್ತು ಹಿಡಿಯಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಪ್ರವಾಸ ಹೊರಟರೆ ಮೊದಲು ಬಿಡುವುದು ನೀರು. ಕುಡಿದರೆ ಎಲ್ಲಿ ಹೋಗಬೇಕು ಎಂಬ ಚಿಂತೆ. ಕಣಗಲಾ ಬಿಟ್ಟಾಗಿನಿಂದ ಅವ್ವ ದಿನಕ್ಕೆ ಎರಡು ಲೋಟದ ಮೇಲೆ ಕುಡಿದಿರಲಿಲ್ಲ. ಏಪ್ರಿಲ್ ಕೊನೆಯ ಆ ಸೆಕೆಯಲ್ಲಿ! ನಾನು ಮಗ, ಪಕ್ಕದಲ್ಲೇ ಕುಳಿತಿದ್ದವನು, ಗಮನಿಸಿರಲಿಲ್ಲ. ಆ ಸಂಜೆ ನನಗೆ ಬಹಳ ಭಯವಾಯಿತು. ಸಲೈನ್ ಏರಿಸಿದ ಡಾಕ್ಟರು ಮೂರು ದಿನ ಎಲ್ಲಿಗೂ ಹೊರಡಬಾರದು ಎಂದರು. ನಾನು ಹೂಂ ಎಂದೆ. ಹೂಂ ಎನ್ನುತ್ತಲೇ, ಹಾಗಾದರೆ ಸೋಮವಾರದ ಬ್ಯಾಚು ತಪ್ಪುತ್ತದಲ್ಲ ಎಂದು ಮನಸ್ಸು ಲೆಕ್ಕ ಹಾಕಿತು. ಅದನ್ನೂ ಬರೆದುಬಿಡುತ್ತೇನೆ.

ನಾವಿದ್ದ ಲಾಡ್ಜಿನ ಒಡತಿಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ಅವಳು ಅವ್ವನಿಗೆ ದಿನಕ್ಕೆರಡು ಸಲ ಅಕ್ಕಿ ಬೇಳೆಯ ಮೆತ್ತನೆಯ ಗಂಜಿ ಮಾಡಿ ತಂದಳು. ಲೋಟ ನೀರು ಖಾಲಿಯಾಗುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಅವಳ ಮಗಳು ಸರಿತಾ, ಮಿತ್ರಾಳ ವಾರಿಗೆಯವಳು. ಟಿವಿ ನೋಡಿ ಕಲಿತ ಹಿಂದಿ ಇಬ್ಬರಿಗೂ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಇಬ್ಬರೂ ಮಹಡಿಯ ಮೇಲೆ ಕಲ್ಲಾಟ ಆಡುತ್ತ ಕುಳಿತಿದ್ದರು. ನಮ್ಮ ಐದು ಕಲ್ಲಿನ ಆಟವೇ. ಆದರೆ ಅವರು ಕಲ್ಲನ್ನು ಅಂಗೈ ಬದಲು ಮುಂಗೈಯಿಂದ ಶುರು ಮಾಡುತ್ತಾರೆ. ಮಿತ್ರಾ ಇದನ್ನು ಮೋಸ ಎಂದಳು.

ಭಾನುವಾರ

ಬೆಳಿಗ್ಗೆ ಸರಿತಾ ಬಿಳಿ ಅಂಗಿ, ನೀಲಿ ಲಂಗ, ಟೈ ಹಾಕಿಕೊಂಡು ಇಳಿದು ಬಂದಳು. ಅಲ್ಲಿ ರಜೆ ಶನಿವಾರ. ಭಾನುವಾರ ಶಾಲೆ. ಅವರ ಶಾಲೆಯ ವರ್ಷ ಶುರುವಾಗುವುದೇ ಏಪ್ರಿಲ್ ನಡುವಿನಲ್ಲಿ. ಪುಸ್ತಕದ ರಟ್ಟುಗಳಿಗೆ ಇನ್ನೂ ಹೊಸ ಅಂಟಿನ ವಾಸನೆಯಿತ್ತು. ನೀನು ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ಅವಳು ಮಿತ್ರಾಳನ್ನು ಕೇಳಿದಳು. ರಜೆ ಎಂದರೆ ನಂಬಲಿಲ್ಲ. ಇಷ್ಟು ದಿನವೆ ಎಂದು ಮತ್ತೆ ಮತ್ತೆ ಕೇಳಿದಳು.

"ಅಪ್ಪಾ, ನಾನೂ ಹೋಗ್ಲಿ? ಒಂದ ದಿವಸ."

ರಜೆಯಲ್ಲಿ ತಾನಾಗಿ ಶಾಲೆಗೆ ಹೊರಟ ಮಗುವನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿದ್ದು ಅದೇ ಮೊದಲು. ದೀದಿ ಹೆಡ್‌ಮಾಸ್ತರರಿಗೆ ಫೋನು ಮಾಡಿ ಒಪ್ಪಿಸಿದಳು. ಅವ್ವನನ್ನು ಅವಳ ಸುಪರ್ದಿಗೆ ಬಿಟ್ಟು ನಾನೂ ಹೋದೆ. ಗುರುತಿಲ್ಲದ ಊರಿನಲ್ಲಿ ಮಗಳನ್ನು ಒಬ್ಬಳೇ ಬಿಡಲಾಗದು ಎಂಬುದು ಒಂದು ಕಾರಣ. ನಮ್ಮ ಹುಡುಗಿಯ ಚುರುಕು ಅವರು ನೋಡಲಿ, ನನಗೂ ಕಾಣಲಿ ಎಂಬುದು ಇನ್ನೊಂದು.

ತಗಡಿನ ಮಾಡಿನ ಕೋಣೆ, ಇಬ್ಬಿಬ್ಬರಿಗೆ ಒಂದು ಬೆಂಚು. ನನ್ನನ್ನು ಹಿಂದಿನ ಬೆಂಚಿಗೆ ಕೂರಿಸಿದರು. ಮೊದಲ ತಾಸು ಗಣಿತವೇ. ಕಲಿಸುವವಳು ಇಪ್ಪತ್ತೈದರ ಒಳಗಿನ ಹುಡುಗಿ, ಮಕ್ಕಳು ಮಿಸ್ ಎನ್ನುತ್ತಿದ್ದರು. ಅವಳು ಬಾಯಿಲೆಕ್ಕ ಶುರು ಮಾಡಿದಳು. ಹದಿನೇಳನ್ನು ಆರರಿಂದ ಗುಣಿಸಿ ಎಂದಳು. ಇತರರು ಉಸಿರೆಳೆದುಕೊಳ್ಳುವುದರೊಳಗೆ ಮಿತ್ರಾ ಹೇಳಿದಳು. ಇನ್ನೊಂದು, ಮತ್ತೊಂದು. ಎಲ್ಲ ಮಿತ್ರಾಳದೇ. ಹುಡುಗರು ತಿರುಗಿ ತಿರುಗಿ ಇವಳನ್ನು ನೋಡತೊಡಗಿದರು. ನಾನು ಬೆಂಚಿಗೆ ಒರಗಿ ಕುಳಿತೆ. ಹೆಮ್ಮೆ ಪಟ್ಟೆ ಎಂದು ಬೇರೆ ಹೇಳಬೇಕಿಲ್ಲ.

ಆಗ ಮಿಸ್ ಬೋರ್ಡಿನ ಮೇಲೆ ಬುಟ್ಟಿಯ ಚಿತ್ರ ಬರೆದಳು. ಒಬ್ಬ ಮಾವಿನಹಣ್ಣು ಮಾರುವವ. ಬೆಳಿಗ್ಗೆ ಬುಟ್ಟಿಯಲ್ಲಿದ್ದ ಹಣ್ಣುಗಳಲ್ಲಿ ಅರ್ಧ ಮಾರಿದ. ಉಳಿದುದರಲ್ಲಿ ಮೂರನ್ನು ಮಕ್ಕಳಿಗೆ ಕೊಟ್ಟ. ಸಂಜೆ ಒಂಬತ್ತು ಉಳಿದವು. ಬೆಳಿಗ್ಗೆ ಎಷ್ಟಿದ್ದವು? ಹಿಂದಿಯಲ್ಲೂ ಒಮ್ಮೆ ಹೇಳಿ ಅವಳು ಮಿತ್ರಾಳನ್ನೇ ಎಬ್ಬಿಸಿದಳು.

ಮಿತ್ರಾ ನಿಂತಳು. ಬೋರ್ಡು ನೋಡಿದಳು. ಸುಮ್ಮನೆ ಕಾದಳು. ಮಿಸ್ಸೂ ಕಾದಳು. ಕೊನೆಗೆ ಮಿತ್ರಾ ಮೆಲ್ಲಗೆ ಕೇಳಿದಳು, "ಆಪ್ಶನ್?"

ಯಾವ ಆಪ್ಶನ್ ಎಂದಳು ಮಿಸ್.

"ಎ, ಬಿ, ಸಿ, ಡಿ" ಎಂದಳು ನನ್ನ ಮಗಳು.

ತರಗತಿ ನಕ್ಕಿತು. ಕೆಟ್ಟ ನಗೆಯಲ್ಲ, ಮಕ್ಕಳ ನಗೆ. ಮಿಸ್ ನಗಲಿಲ್ಲ. ಹಣ್ಣಿನವನ ಹತ್ತಿರ ಎ ಬಿ ಸಿ ಡಿ ಇಲ್ಲ, ಬುಟ್ಟಿ ಒಂದೇ ಇದೆ, ನೀನೇ ಹುಡುಕು ಎಂದಳು. ಮಿತ್ರಾ ನಿಂತೇ ಇದ್ದಳು. ಅವಳ ಬಲಗೈಯ ಹೆಬ್ಬೆರಳು ತೋರುಬೆರಳು ಇಲ್ಲದ ಪೆನ್ನನ್ನು ಹಿಡಿದುಕೊಂಡಿದ್ದವು. ಆಮೇಲೆ ಸರಿತಾ ಎದ್ದು ಬುಟ್ಟಿಯನ್ನು ಎರಡು ಪಾಲು ಮಾಡಿ ಗೆರೆ ಎಳೆದು, ತಪ್ಪಿ, ಒರೆಸಿ, ಮತ್ತೆ ಎಳೆದು, ಬಹಳ ಹೊತ್ತಾದ ಮೇಲೆ ಇಪ್ಪತ್ನಾಲ್ಕು ಎಂದು ಬರೆದಳು.

ಇದು ಮಿತ್ರಾಳ ದಡ್ಡತನವಲ್ಲ. ನನ್ನ ಕಲಿಸುವಿಕೆ. ಮೂಡಲಗಿಯಲ್ಲಿ ಮೊದಲ ದಿನವೇ ನಾನು ಮಕ್ಕಳಿಗೆ ಹೇಳುವ ಮಾತು: ಲೆಕ್ಕ ಬಿಡಿಸುತ್ತ ಕೂರಬೇಡಿ, ಕೊಟ್ಟ ನಾಲ್ಕು ಉತ್ತರಗಳನ್ನು ಒಂದೊಂದಾಗಿ ಲೆಕ್ಕದಲ್ಲಿ ಹಾಕಿ ನೋಡಿ, ಹೊಂದದ್ದನ್ನು ಹೊಡೆದು ಹಾಕಿ, ಉಳಿದದ್ದಕ್ಕೆ ಗೋಲ ತುಂಬಿ. ಸಮಯ ಉಳಿಯುತ್ತದೆ. ಈ ಯುಕ್ತಿಯಿಂದಲೇ ನನಗೆ ಅಲ್ಲಿ ಹೆಸರು. ಬೇರೆಯವರ ಮಕ್ಕಳಿಗೆ ವಾರಕ್ಕೊಮ್ಮೆ ಹೇಳಿದ್ದನ್ನು ನನ್ನ ಮಗಳಿಗೆ ಎರಡು ವರ್ಷ ದಿನಾ ಹೇಳಿದ್ದೆ. ಆ ಬೆಂಚಿನ ಮೇಲೆ ಕುಳಿತು ನನಗೆ ಬೆವರು ಬಂತು. ತಗಡಿನ ಮಾಡು ಅದಕ್ಕೆ ಪೂರ್ತಿ ಕಾರಣವಲ್ಲ.

ಅದೇ ಮಧ್ಯಾಹ್ನ

ಲಾಡ್ಜಿಗೆ ಬಂದ ಮೇಲೆ ಮಿತ್ರಾ ಹಣ್ಣಿನ ಲೆಕ್ಕವನ್ನು ಅಜ್ಜಿಗೆ ಹೇಳಿದಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪ್ರಾಯದಲ್ಲಿ ಕೊಣ್ಣೂರ ಕಡೆ ಕಬ್ಬು ಕಡಿದು, ಹೊರೆ ಕಟ್ಟಿ, ಎಣಿಸಿ ಒಪ್ಪಿಸಿದವಳು. ಮಲಗಿದಲ್ಲಿಂದಲೇ ಹೇಳಿದಳು.

"ಸಂಜಿಕ ಒಂಬತ್ತ ಅದಾವ. ಹುಡುಗೂರಿಗಿ ಕೊಟ್ಟದ್ದ ಮೂರ ತಿರುಗಿ ಹಾಕ, ಹನ್ನೆರಡಾತು. ಮಾರಿದ್ದೂ ಅಷ್ಟ ಅಲ್ಲೇನ? ಇನ್ನ ಹನ್ನೆರಡ. ಇಪ್ಪತ್ನಾಕ. ಇಷ್ಟಕ್ಕ ಸಾಲಿ ಬೇಕೇನ?"

ಮಿತ್ರಾ ಅಜ್ಜಿಯ ಮುಖವನ್ನೇ ನೋಡಿದಳು. "ಸಂಜೀಲಿಂದ ಹಿಂದ ಬರೂದ?" ಎಂದಳು. ಕೂಡಲೇ ಇನ್ನೊಂದು ಲೆಕ್ಕ ತಾನೇ ಮಾಡಿ ತಾನೇ ಬಿಡಿಸಿದಳು. ಆಮೇಲೆ ಮತ್ತೊಂದು. ನಾನು ಓ.ಆರ್.ಎಸ್. ತರಲು ಅಂಗಡಿಗೆ ಹೋದೆ, ಫೋನನ್ನು ಚಾರ್ಜಿಗೆ ಬಿಟ್ಟು.

ಮರಳಿ ಬಂದಾಗ ಮಿತ್ರಾ ಬಾಗಿಲಲ್ಲೇ ನಿಂತಿದ್ದಳು. ಫೋನು ಅವಳ ಕೈಯಲ್ಲಿತ್ತು.

"ಮೂಡಲಗಿ ಸರ್ ವಾಟ್ಸಾಪ್ ಕಾಲ್ ಮಾಡಿದ್ರು. ನಾಳಿ ಸೋಮವಾರ ಬರ್ತೀ ಹೌದಿಲ್ಲೊ, ಹಾಸಿಗಿ, ತಾಟ, ಬಕೆಟ್ ತೊಗೊಂಡ ಬಾ ಅಂದ್ರು. ನಾ ಮತ್ತ ಐದನೆತ್ತಾದಾಗ ಕೂಡಬೇಕಂತ?"

ಮನಮಾಡದಿಂದ ನುಂಗುತ್ತ ಬಂದ ಮಾತನ್ನು ಬೇರೆ ಯಾರೋ ಹೇಳಿ ಮುಗಿಸಿದ್ದರು. ನಾನು ಹೌದು ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಅಲ್ಲೆ ಲೆಕ್ಕ ಹೆಂಗ ಬಿಡಿಸೂದ ಅಂತ ಹೇಳಿಕೊಡ್ತಾರ? ಆಯಿ ಹೇಳಿದ್ಲಲ್ಲ, ಹಂಗ?"

ಸುಳ್ಳು ಹೇಳಬಹುದಿತ್ತು. ಆದರೆ ಅಲ್ಲಿ ಹೇಳಿಕೊಡುವವನು ನಾನೇ.

"ಇಲ್ಲ" ಎಂದೆ.

"ಮತ್ತ್ಯಾಕ ಹೋಗ್ಲಿ?"

ಅವಳ ಹಿಂದೆ ಮಂಚದ ಮೇಲೆ ಅವ್ವ ಎದ್ದು ಕುಳಿತಿದ್ದಳು. "ಯಾಕ ಅಂದ್ರ? ಹೋಗಬೇಕ. ದೊಡ್ಡ ಸಾಲಿ ಅದು. ನಿಮ್ಮಪ್ಪ ಹೋಗಲಿಲ್ಲೇನ?" ಎಂದಳು. ಇಷ್ಟಕ್ಕೆ ಶಾಲೆ ಬೇಕೇ ಎಂದು ಗಂಟೆಯ ಹಿಂದೆ ಕೇಳಿದವಳೂ ಇವಳೇ.

ಹಿಂದಿರುಗುವಾಗ

ದೀದಿ ನಮ್ಮನ್ನು ಕಳಿಸಲು ಬಸ್ಸಿನವರೆಗೆ ಬಂದಳು. ಅವ್ವನ ಕೈಯಲ್ಲಿ ದೊಡ್ಡ ನೀರಿನ ಬಾಟಲಿ ಇಟ್ಟು, ಗೋರಖಪುರದ ಹೊತ್ತಿಗೆ ಖಾಲಿಯಾಗಿರಬೇಕು ಎಂದಳು. ಸರಿತಾ ಐದು ಕಲ್ಲು ಕೊಟ್ಟಳು. ಮಿತ್ರಾ ಮುಂಗೈಯಿಂದ ಆಡುವುದಾಗಿ ಮಾತು ಕೊಟ್ಟಳು.

ರೈಲಿನಲ್ಲಿ ಅವ್ವನಿಗೂ ನನಗೂ ಜಗಳವಾಯಿತು. ಮಗಳನ್ನು ಮೂಡಲಗಿಗೆ ಕಳಿಸುವುದು ಬೇಡವೆನ್ನಿಸುತ್ತಿದೆ ಎಂದು ನಾನು ಹೇಳಿದ್ದೇ ತಡ.

"ನಿನ್ನ ಹತ್ತ ವರ್ಷಕ್ಕ ಹಾಸ್ಟೆಲಿಗಿ ಬಿಟ್ಟ ಬಂದೆ. ನೀ ನನ್ನ ಸೀರಿ ಹಿಡದ ಅತ್ತಿ. ಬಿಡಿಸಿಕೊಂಡ ಬಂದೆ. ಆವತ್ತ ಕರುಳಂತ ಕೂತಿದ್ರ ಇವತ್ತ ನೀ ಕಬ್ಬ ಕಡಿತಿದ್ದಿ. ಈಗ ಮಾಸ್ತರ ಆಗಿ, ಸಾಲಿ ಬ್ಯಾಡ ಅಂತ ನನಗ ಹೇಳ್ತಿ?"

ಅವಳ ಮಾತಿನಲ್ಲಿ ತಪ್ಪು ಹುಡುಕಿ ನನಗೆ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಆ ಹಾಸ್ಟೆಲಿನಿಂದಲೇ ನಾನು ಈ ಪ್ಯಾಂಟು ಶರ್ಟಿಗೆ ಬಂದೆ. ಆದರೆ ಅಲ್ಲಿ ನನಗೆ ಒಬ್ಬ ಮಾಸ್ತರರು ಬೇಲಿಯ ಗೂಟ ಎಣಿಸಿ ಭಾಗಾಕಾರ ಕಲಿಸಿದ್ದರು. ನಾನು ನನ್ನ ಮಗಳಿಗೆ ಕಲಿಸಿದ್ದು ಹೊಡೆದು ಹಾಕುವುದನ್ನು. ಇದನ್ನು ಅವ್ವನಿಗೆ ಹೇಳಲು ಹೋದೆ. ಅವಳು ಕಿಟಕಿಯ ಕಡೆ ತಿರುಗಿದಳು. ಕಾನಪುರದಿಂದ ಭೂಸಾವಳದವರೆಗೆ ನನ್ನೊಡನೆ ಮಾತಾಡಲಿಲ್ಲ, ನೀರು ಮಾತ್ರ ಕುಡಿಯುತ್ತಿದ್ದಳು.

ಹೆಂಡತಿಗೆ ಫೋನು ಮಾಡಿದೆ. ಅವಳು ಒಂದೇ ಮಾತು ಕೇಳಿದಳು. "ಆಕಿನ್ನ ಕೇಳೀರೇನು?"

ಕೇಳಿರಲಿಲ್ಲ. ಮಿತ್ರಾ ಮೇಲಿನ ಬರ್ತಿನಲ್ಲಿ ಮಲಗಿ ಅಭ್ಯಾಸ ಪುಸ್ತಕದ ಲೆಕ್ಕಗಳನ್ನು ಓದುತ್ತಿದ್ದಳು. ನಾಲ್ಕು ಉತ್ತರಗಳಿರುವ ಕಡೆ ಕೈ ಅಡ್ಡ ಇಟ್ಟುಕೊಂಡಿದ್ದಳು. ರಜೆ ಮುಗಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ನಾನು ಒಂದು ಸಲಹೆಯನ್ನೂ ಕೊಡದೆ ನಿಂತಿದ್ದೆ. ಮಾಸ್ತರನಿಗೆ ಅದು ಸುಲಭವಲ್ಲ.

"ಆರನೆತ್ತಾಕ ಹೋಗ್ತೇನಿ" ಎಂದಳು. "ಮನ್ಯಾಗಿಂದ. ಬ್ಯಾರೆ ಪರೀಕ್ಷಾ ಬೇಕಾದ್ರ ಮುಂದ ಬರೀತೇನಿ, ನೀವ ಸಂಜಿಕ ಹೇಳಿಕೊಡ್ರಿ, ಆಯಿ ಹಂಗ. ಮೂಡಲಗಿಗಿ ಹೋಗಾಂಗಿಲ್ಲ." ಪುಸ್ತಕ ಮುಚ್ಚಿ, "ಈಗ ಧುಪದಾಳಕ್ಕ ಹೋಗ್ತೇನಿ" ಎಂದಳು.

ಆಯಿತು ಎಂದೆ. ಆ ಒಂದು ಮಾತಿನಿಂದ ನನಗೆ ಆದ ಹಗುರ ಈ ಪ್ರವಾಸದಲ್ಲಿ ಬೇರೆಲ್ಲೂ ಆಗಲಿಲ್ಲ.

ಮೂಡಲಗಿ

ಮಿತ್ರಾಳನ್ನು ಧುಪದಾಳದಲ್ಲಿ ಅವಳ ಮಾವನ ಮನೆಯಲ್ಲಿ ಬಿಟ್ಟು, ಮರುದಿನ ಭಾನುವಾರ ಮೂಡಲಗಿಗೆ ಹೋದೆ. ನನ್ನ ತಾಸೂ ಇತ್ತು, ಮಗಳ ಸೀಟು ಬೇಡವೆಂದು ಹೇಳುವುದೂ ಇತ್ತು. ಇನ್ನು ಮೇಲೆ ಮಕ್ಕಳಿಗೆ ಬೋರ್ಡಿನ ಮೇಲೆ ಬುಟ್ಟಿಯ ಚಿತ್ರ ಬರೆದು ಕಲಿಸಬೇಕು ಎಂದೆಲ್ಲ ಬಸ್ಸಿನಲ್ಲಿ ಯೋಚಿಸುತ್ತ ಹೋದೆ. ಒಳ್ಳೆಯ ಮನುಷ್ಯನಾದೆ ಎಂಬ ಸಮಾಧಾನವೂ ಸ್ವಲ್ಪ ಇತ್ತು.

ಕ್ಲಾಸಿನ ಅಂಗಳದಲ್ಲಿ ತಡವಾಗಿ ಬಂದ ಒಂದು ಕುಟುಂಬ ನಿಂತಿತ್ತು. ಹಸಿರು ಬಣ್ಣದ ಟ್ರಂಕು, ಸುತ್ತಿದ ಹಾಸಿಗೆ, ಅದರ ಮೇಲೆ ಎರಡು ಜಡೆಯ ಹುಡುಗಿ ಕುಳಿತಿದ್ದಳು. ಅಪ್ಪನ ಕಾಲಿಗೆ ಹೊಲದ ಮಣ್ಣು ಇನ್ನೂ ಅಂಟಿತ್ತು. ನನ್ನನ್ನು ಗುರುತು ಹಿಡಿದು ಕೈ ಮುಗಿದರು.

"ಕೊಣ್ಣೂರಿಂದ ಬಂದೇವ್ರಿ ಸರ್. ಇಷ್ಟ ಸಣ್ಣಾಕಿನ್ನ ಬಿಟ್ಟ ಹೋಗೂದ ಹೆಂಗ ಅಂತ ಈಕಿ ಅವ್ವ ಅಳಾಕತ್ತಿದ್ಲ್ರಿ. ನಾ ಅಂದೆ, ಸರ್ ತಮ್ಮ ಮಗಳನ್ನ ಇಲ್ಲೇ ಇಡಾಕತ್ತಾರಂತ, ನಮಗೇನ ಅಂಜಿಕಿ? ಯಾವ ಖೋಲ್ಯಾಗ ಅದಾರ್ರಿ ನಿಮ್ಮ ಮಗಳ? ಈಕಿನ್ನೂ ಆಕಿ ಬಾಜೂಕ ಹಾಕ್ರಿ."

ಹಾಸಿಗೆಯ ಮೇಲಿದ್ದ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

"ಆಕಿ ಇಲ್ಲಿಲ್ರಿ. ಬಿಡಿಸೀನಿ. ಮಾವನ ಊರಾಗ ಅದಾಳ್ರಿ" ಎಂದೆ.

ಅವರು ಸಿಟ್ಟು ಮಾಡಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಲೆಕ್ಕ ತಿಳಿದುಕೊಳ್ಳುವವರ ಹಾಗೆ ಕೇಳಿದರು.

"ನೀವ ಮಾಸ್ತರ ಅದೀರಿ. ಸಂಜಿಕ ಮನ್ಯಾಗ ಕಲಸ್ತೀರಿ. ನಮ್ಮಾಕಿಗಿ ಯಾರ ಕಲಸ್ಬೇಕ್ರಿ?"

ಒಳಗಿನಿಂದ ಅರವತ್ತು ಮಕ್ಕಳು ಮಗ್ಗಿ ಹೇಳುವ ಸದ್ದು ಬರುತ್ತಿತ್ತು. ಅವರು ಬಗ್ಗಿ ಟ್ರಂಕಿನ ಒಂದು ಹಿಡಿಕೆ ಹಿಡಿದರು. ಭಾರವಿತ್ತು, ಒಬ್ಬರಿಂದ ಏಳಲಿಲ್ಲ. ಇನ್ನೊಂದು ಹಿಡಿಕೆಯನ್ನು ನಾನು ಹಿಡಿದೆ. ಇಬ್ಬರೂ ಸೇರಿ ಅದನ್ನು ಒಳಗೆ ಒಯ್ದು ಗೋಡೆಯ ಪಕ್ಕ ಇಟ್ಟೆವು.